ಒಂದು ಸಾಲಿಗೆ ಇಡೀ ಕಟ್ಟಡದ ಶಿಫಾರಸು

ತಕ್ಕಡಿ ಸಾಹೇಬರಿಗೆ ಪ್ರಿಂಟರ್ ರಿಪೇರಿ ಬರುವುದಿಲ್ಲ ಎಂಬುದು ಆ ಕಟ್ಟಡದ ನಾಲ್ಕೂ ಮಹಡಿಗೆ ಗೊತ್ತಿದ್ದ ವಿಷಯ. ಫೋನು ಸರಿಮಾಡಲು ಬರುವುದಿಲ್ಲ, ಟೀವಿಯಲ್ಲಿ ಚಾನೆಲ್ ಕೂರಿಸಲು ಬರುವುದಿಲ್ಲ, ವೈಫೈ ಹೋದರೆ ಎಲ್ಲರ ಜೊತೆ ಅವರೂ ಬಾಲ್ಕನಿಗೆ ಬಂದು ಆಕಾಶ ನೋಡುತ್ತಾರೆ. ಆದರೂ ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಕಂಪ್ಯೂಟರ್ ಕೆಲಸವನ್ನೇ. ಅಂಗಡಿಗಳಿಗೆ ಎಲೆಕ್ಟ್ರಾನಿಕ್ ತಕ್ಕಡಿ ಮಾಡಿಕೊಡುವ ಕಂಪನಿಯೊಂದರಲ್ಲಿ, ತಕ್ಕಡಿಗೂ ಕಂಪ್ಯೂಟರಿಗೂ ಮಾತುಕತೆ ನಡೆಸುವ ಪ್ರೋಗ್ರಾಮು ಬರೆಯುವುದು ಅವರ ಕಸುಬು. ಆ ಹೆಸರು ಬಂದದ್ದು ಹಾಗೆ. 'ಸಾಹೇಬ' ಎಂಬುದನ್ನು ಗೌರವಕ್ಕೆ ಸೇರಿಸಿದ್ದು ಎಂದು ಅವರು ನಂಬಿದ್ದರು. ಅವರ ನಂಬಿಕೆ ಕೆಡಿಸುವುದು ನಮಗೇಕೆ.

ನೀರಿನ ಪಂಪು ಕೆಟ್ಟಿತ್ತೆಂದು ಕಟ್ಟಡದ ಸಭೆ ಸೇರಿತ್ತು. ಸಂಘದ ಕಾರ್ಯದರ್ಶಿ ಒಬ್ಬ ನಿವೃತ್ತ ರೈಲ್ವೆ ಗಾರ್ಡು. ರೈಲು ಬಿಟ್ಟು ಎಷ್ಟೋ ಕಾಲವಾದರೂ ಮಾತಾಡುವ ಮುಂಚೆ ಎಡಗಡೆ ಬಲಗಡೆ ನೋಡುವ ಅಭ್ಯಾಸ ಬಿಟ್ಟಿರಲಿಲ್ಲ. ಅವರು ಎರಡೂ ಕಡೆ ನೋಡಿ, ಪಂಪಿಗೆ ಈಗ ಕಂಪ್ಯೂಟರ್ ಬಂದಿದೆಯಂತೆ, ನಮ್ಮಲ್ಲೇ ಒಬ್ಬರು ಕಂಪ್ಯೂಟರ್ ಬಲ್ಲವರಿದ್ದಾರಲ್ಲ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನೆಲಮಹಡಿಯ ಹಲ್ಲಿನ ಡಾಕ್ಟರು, "ಅವರನ್ನ ಬಿಟ್ಬಿಡಿ ಪಾಪ, ಪಂಪನ್ನಾದ್ರೂ ಉಳಿಸ್ಕೊಳ್ಳೋಣ" ಅಂದರು.

ಸಾಹೇಬರಿಗೆ ಕಿವಿ ಬಿಸಿಯಾಯಿತು. ಎದ್ದು ನಿಂತರು. ಎದ್ದ ಮೇಲೆ ಏನಾದರೂ ಹೇಳಬೇಕಲ್ಲ. ಪ್ರಪಂಚದ ಎಲ್ಲ ಥರದ ಕಂಪ್ಯೂಟರಿನಲ್ಲೂ ಓಡುವ ಒಂದು ಲೈಬ್ರರಿ ಇದೆ, ಪುಸ್ತಕದ್ದಲ್ಲ, ಪ್ರೋಗ್ರಾಮಿನದ್ದು, ಅದರೊಳಗೆ ಸದ್ಯದಲ್ಲೇ ತಮ್ಮ ಕೆಲಸ ಸೇರುತ್ತದೆ, ತಮ್ಮ ಹೆಸರೂ ಸೇರುತ್ತದೆ, ಆಮೇಲೆ ಯಾರು ಯಾರನ್ನು ನೋಡಿ ನಗುತ್ತಾರೋ ನೋಡೋಣ ಎಂದು ಹೇಳಿ ಕೂತರು. ಪಂಪಿನ ಮಾತು ಅಲ್ಲಿಗೇ ನಿಂತಿತು. ಎರಡನೇ ಸಾಲಿನಲ್ಲಿ ಕೂತಿದ್ದ ಅವರ ಅತ್ತೆ ಮಾತ್ರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಅಳಿಯನನ್ನು ಮೊದಲ ಸಲ ನೋಡುವವರಂತೆ ನೋಡಿದರು.

ಅತ್ತೆಯ ವಿಷಯ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರು ಒಂದು ದೊಡ್ಡ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಅವರ ಕೈಕೆಳಗೆ ಹನ್ನೊಂದು ಜನ ಇದ್ದರು, ಹನ್ನೊಂದೂ ಜನ ಹೆದರುತ್ತಿದ್ದರು, ಮೇಲಿನ ಅಧಿಕಾರಿಯೂ ಸ್ವಲ್ಪ ಹೆದರುತ್ತಿದ್ದ. ನಿವೃತ್ತಿಯಾಗಿ ಮಗಳ ಮನೆಗೆ ಬಂದ ಮೇಲೆ ಅವರಿಗೆ ಕೈಗೆ ಕೆಲಸವಿರಲಿಲ್ಲ. ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ಇಷ್ಟು ದೊಡ್ಡ ಆಡಳಿತಶಕ್ತಿ ಒಂದು ಸಣ್ಣ ಮನೆಯಲ್ಲಿ ಸುಮ್ಮನೆ ಕೂತಿತ್ತು. ಎಲ್ಲಾದರೂ ಸಿಡಿಯಲೇಬೇಕಿತ್ತು.

ಸಭೆ ಮುಗಿದು ಮನೆಗೆ ಬಂದ ಕೂಡಲೇ ಅತ್ತೆ ಕುರ್ಚಿ ಎಳೆದು ಕೂತು, ಆ ಕೆಲಸ ಏನೆಂದು ಬಿಡಿಸಿ ಹೇಳಲು ಅಪ್ಪಣೆ ಮಾಡಿದರು. ಸಾಹೇಬರು ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರಿಗೆ ಅರ್ಥವಾಗುವಂತೆ ಹೇಳಿದರು. ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಮೂ ಯಂತ್ರವನ್ನು ನೇರವಾಗಿ ಮುಟ್ಟುವ ಹಾಗಿಲ್ಲ. ಒಳಗೆ ಕರ್ನಲ್ ಎಂಬ ಒಬ್ಬ ಯಜಮಾನ ಕೂತಿರುತ್ತಾನೆ. ಫೈಲು ತೆರೆಯಬೇಕೆ, ತಂತಿಯಲ್ಲಿ ಮಾತಾಡಬೇಕೆ, ಅವನ ಕಿಟಕಿಗೆ ಹೋಗಿ ಕೇಳಬೇಕು. ಹಾಗೆ ಕೇಳುವುದಕ್ಕೇ ಸಿಸ್ಟಮ್ ಕಾಲ್ ಎನ್ನುವುದು. ಈ ಕರ್ನಲ್‌ಗಳಲ್ಲಿ ಹತ್ತಾರು ಜಾತಿ. ಕೆಲಸ ಒಂದೇ, ಆದರೆ ಒಬ್ಬೊಬ್ಬನ ಕಿಟಕಿಯಲ್ಲಿ ಒಂದೊಂದು ಪದ್ಧತಿ, ಒಂದೊಂದು ನಂಬರು. ನಮ್ಮಂಥವರು ಇವೆಲ್ಲ ನೆನಪಿಟ್ಟುಕೊಳ್ಳಲಾರೆವೆಂದು ಯಾರೋ ಪುಣ್ಯಾತ್ಮರು ಒಂದು ಲೈಬ್ರರಿ ಬರೆದಿಟ್ಟಿದ್ದಾರೆ. ನಾವು ಅದಕ್ಕೆ ಹೇಳಿದರೆ ಸಾಕು, ಯಾವ ಕಿಟಕಿಗೆ ಹೇಗೆ ಕೇಳಬೇಕೋ ಹಾಗೆ ಅದೇ ಕೇಳುತ್ತದೆ.

"ಅಂದ್ರೆ ನಮ್ಮ ಕಚೇರಿ ಬಾಗಿಲಲ್ಲಿ ಅರ್ಜಿ ಬರೆದುಕೊಡೋಕೆ ಒಬ್ಬ ಕೂತಿರ್ತಿದ್ದ" ಎಂದರು ಅತ್ತೆ. "ಯಾವ ಟೇಬಲ್ಲಿಗೆ ಯಾವ ನಮೂನೆ ಅಂತ ಅವನಿಗೆ ಗೊತ್ತು. ಅವನೇ ತಾನೆ?"

"ಅವನೇ ಅತ್ತೆ."

"ಅವನಿಲ್ಲದಿದ್ರೆ ಕಚೇರಿನೇ ನಡೀತಿರಲಿಲ್ಲ. ಸರಿ, ನೀವೇನು ಮಾಡಿದ್ರಿ?"

ಸಾಹೇಬರು ಶುರುಮಾಡಿದರು. ಯಾರೂ ಹೆಚ್ಚು ಬಳಸದ ಒಂದು ಚಿಕ್ಕ ಕರ್ನಲ್ ಇದೆ. ಯಾವುದೋ ಶೀತಲಗೃಹದವರು ಅದೇ ಓಡುವ ಡಬ್ಬಿಯಂಥ ಒಂದು ಪುಟ್ಟ ಕಂಪ್ಯೂಟರಿಗೆ ಇವರ ತಕ್ಕಡಿ ಜೋಡಿಸಿಕೊಂಡರು. ತಕ್ಕಡಿ ಮಾತೇ ಆಡಲಿಲ್ಲ. ನೋಡಿದರೆ, ತಕ್ಕಡಿ ಮಾತಾಡುವ ವೇಗಕ್ಕೆ ಆ ಕಿಟಕಿಯಲ್ಲಿ ಏನು ನಂಬರು ಎಂಬುದು ಲೈಬ್ರರಿಯಲ್ಲಿ ಬಿಟ್ಟುಹೋಗಿತ್ತು. ಇವರು ಅದನ್ನು ಸೇರಿಸಿ ಕಳಿಸಿದ್ದರು. ಒಂದು ಹೆಸರು, ಒಂದು ಅಂಕಿ. ಒಟ್ಟು ಒಂದು ಸಾಲು. ಸಭೆಯಲ್ಲಿ ಹೇಳುವಾಗ ಅದು ಒಂದು ಸಾಲಿಗಿಂತ ಉದ್ದವಿದ್ದಂತೆ ಕೇಳಿಸಿದ್ದು ನಿಜ.

ಅತ್ತೆ ನಗಲಿಲ್ಲ. ಒಂದು ಸಾಲಿಗೆ ಎಷ್ಟು ಬೆಲೆ ಎಂದು ಆಡಳಿತ ಮಾಡಿದವರಿಗೆ ಗೊತ್ತು. "ಫೈಲು ಈಗ ಯಾರ ಟೇಬಲ್ ಮೇಲಿದೆ?" ಎಂದು ಕೇಳಿದರು.

ಲೈಬ್ರರಿಯನ್ನು ನೋಡಿಕೊಳ್ಳುವವರು ಎಲ್ಲೋ ದೂರದಲ್ಲಿರುವ ಮೂವರು. ಅವರಲ್ಲಿ ಕೊನೆಯ ಮಾತು ಯಾರದೋ ಅವರ ಮುಖ ಯಾರೂ ನೋಡಿಲ್ಲ, ಮುಖದ ಜಾಗದಲ್ಲಿ ಒಂದು ಗೂಬೆಯ ಚಿತ್ರ. ಅದನ್ನು ಕೇಳಿದ ಗಳಿಗೆಯಿಂದ ಅತ್ತೆ ಅವರನ್ನು ಗೂಬೆ ಸಾಹೇಬರು ಎಂದೇ ಕರೆದದ್ದು. ಅವಮಾನವೇನಿಲ್ಲ, ಮೇಲಧಿಕಾರಿಗಳಿಗೆ ಅಡ್ಡಹೆಸರಿಡುವುದು ಅವರ ಕಚೇರಿಯ ಶಿಸ್ತಾಗಿತ್ತು.

ಆಮೇಲೆ ಅವರು ಕೇಳಿದ್ದು ನಿಯಮಾವಳಿ. ಇತ್ತು. ಬದಲಾವಣೆ ಕಳಿಸುವವರು ಹೇಗೆ ಕಳಿಸಬೇಕು ಎಂದು ಲೈಬ್ರರಿಯವರು ಉದ್ದಕ್ಕೆ ಬರೆದಿಟ್ಟಿದ್ದರು. ಸಾಹೇಬರು ಅದನ್ನು ನಾವೆಲ್ಲ ಓದುವ ಹಾಗೆಯೇ ಓದಿದ್ದರು, ಅಂದರೆ ಕೆಳಗಿನವರೆಗೆ ಬೆರಳಾಡಿಸಿದ್ದರು. ಈಗ ಅತ್ತೆಯ ಮುಂದೆ ಕೂತು ಕನ್ನಡದಲ್ಲಿ ಒಂದೊಂದಾಗಿ ಹೇಳಬೇಕಾಯಿತು. ಒಂದು ಅರ್ಜಿಗೆ ಒಂದೇ ಬದಲಾವಣೆ. ಅತ್ತೆ ಕಣ್ಣು ಮುಚ್ಚಿ ತಲೆದೂಗಿದರು. ಒಂದು ಕಡತಕ್ಕೆ ಒಂದೇ ವಿಷಯ ಎಂದು ಅವರು ಸರ್ವಿಸ್ ಪೂರ್ತಿ ಬಡಿದುಕೊಂಡಿದ್ದರು, ಒಬ್ಬನೂ ಕೇಳಿರಲಿಲ್ಲ. ಬದಲಾದದ್ದನ್ನು ಬದಲಾವಣೆಗಳ ಪಟ್ಟಿಗೂ ಸೇರಿಸಬೇಕು. ಭೇಷ್ ಎಂದರು. ಇದ್ದದ್ದನ್ನು ಏಕಾಏಕಿ ತೆಗೆಯಬಾರದು, ಮೊದಲು ಎಚ್ಚರಿಕೆ ಕೊಟ್ಟು ಆಮೇಲೆ ತೆಗೆಯಬೇಕು. ಎಂಥ ಸಂಸ್ಕಾರವಂತರು ಎಂದರು. ಅಂಕಿಯನ್ನು ಆಯಾ ಕರ್ನಲ್ಲಿನ ಮೂಲದಿಂದಲೇ ತೆಗೆದು, ಎಲ್ಲಿಂದ ತೆಗೆದದ್ದೆಂದು ತೋರಿಸಬೇಕು, ಆ ಕರ್ನಲ್ಲಿನ ಮೇಲೇ ಓಡಿಸಿ ನೋಡಿರಬೇಕು. ಇಲ್ಲಿ ಸಾಹೇಬರ ದನಿ ಒಂದು ಚೂರು ಇಳಿಯಿತು. ಅತ್ತೆ ಗಮನಿಸಲಿಲ್ಲ. ನೋಡಿಕೊಳ್ಳುವವರು ಸಂಬಳವಿಲ್ಲದೆ ಬಿಡುವಿನಲ್ಲಿ ಮಾಡುವವರು, ದಯವಿಟ್ಟು ಅವಸರ ಮಾಡಬೇಡಿ.

ಇದನ್ನು ಕೇಳಿ ಅತ್ತೆ ಜೋರಾಗಿ ನಕ್ಕರು. "ಎಲ್ಲಾ ಕಚೇರಿಲೂ ಈ ಬೋರ್ಡ್ ಹಾಕ್ತಾರೆ ಅಳಿಯಂದ್ರೆ. ನಾವೂ ಹಾಕಿದ್ವಿ, ಅನುಮತಿಯಿಲ್ಲದೆ ಒಳಗೆ ಬರಬಾರದು ಅಂತ. ಅದನ್ನ ಓದಿ ಹೊರಗೆ ನಿಂತೋರ ಫೈಲು ಇವತ್ತಿಗೂ ಅಲ್ಲೇ ಇದೆ."

ಕೊನೆಗೊಂದು ಮಾತು ಉಳಿದಿತ್ತು. ಈ ಬದಲಾವಣೆ ಬೇರೆಯವರಿಗೂ ಬೇಕಿದ್ದರೆ ಅವರೂ ಬಂದು ಒಂದು ಮಾತು ಬರೆಯಲಿ, ನಮಗೆ ಅಂದಾಜು ಸಿಗುತ್ತದೆ. ಸಾಹೇಬರು ಅದನ್ನೂ ಓದಿದರು. ಓದಬಾರದಿತ್ತು. ಅತ್ತೆ ಮುಂದೆ ಏನೂ ಕೇಳಲಿಲ್ಲ, ಎದ್ದು ಹೋಗಿ ನೀರು ಕುಡಿದು ಮಲಗಿದರು. ಅಷ್ಟು ವರ್ಷದ ಅನುಭವವಿದ್ದ ಅವರ ಹನ್ನೊಂದು ಗುಮಾಸ್ತರಲ್ಲಿ ಒಬ್ಬನಾದರೂ ಅಲ್ಲಿದ್ದಿದ್ದರೆ, ಅವರು ಸುಮ್ಮನೆ ಎದ್ದುಹೋದದ್ದನ್ನು ನೋಡಿ ರಜೆ ಹಾಕಿ ಊರು ಬಿಡುತ್ತಿದ್ದ.

ಭಾನುವಾರ ಊಟವಾದ ಮೇಲೆ ಸಾಹೇಬರು ಮಲಗುವುದು ಉಂಟು. ಹೆಂಡತಿಗೆ ಭಾನುವಾರವೂ ಅಂಗಡಿ. ಅತ್ತೆ ಮೆಲ್ಲಗೆ ಬಾಗಿಲೆಳೆದುಕೊಂಡು ನೆಲಮಹಡಿಗೆ ಇಳಿದು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಚೇರಿ ತೆರೆದರು. ರೈಲ್ವೆ ಗಾರ್ಡು ಪ್ರತಿ ಮಹಡಿಗೂ ಹೋಗಿ ಜನರನ್ನು ಕರೆತಂದರು. ಕಟ್ಟಡದವರಲ್ಲದೆ ಎದುರಿನ ಕ್ಷೌರದಂಗಡಿಯವರು, ಮೂಲೆಯ ಹಣ್ಣಿನಂಗಡಿಯವರೂ ಬಂದರು. ಡಾಕ್ಟರು ಒಬ್ಬೊಬ್ಬರಿಗೂ ಲೈಬ್ರರಿಯವರು ಅರ್ಜಿ ತೆಗೆದುಕೊಳ್ಳುವ ವೆಬ್‌ಸೈಟಿನಲ್ಲಿ ಖಾತೆ ತೆರೆದುಕೊಟ್ಟರು. ಹಲ್ಲು ಕೀಳಿಸಿಕೊಳ್ಳಲು ಬಂದಿದ್ದ ಒಬ್ಬ ಅಪರಿಚಿತನೂ, ಬಾಯಲ್ಲಿ ಹತ್ತಿ ಇದ್ದುದರಿಂದ ಬೇಡ ಎನ್ನಲಾಗದೆ, ಒಂದು ಖಾತೆ ತೆರೆದ. ಅತ್ತೆ ಆರಂಭ ಮತ್ತು ಮುಕ್ತಾಯ ಹೇಳಿ ಬರೆಸಿದರು, ಮಧ್ಯದ್ದು ಅವರವರ ಇಷ್ಟ. ಕನ್ನಡದಲ್ಲಿ ಬರೆದದ್ದನ್ನು ಡಾಕ್ಟರ ಫೋನು ಇಂಗ್ಲಿಷಿಗೆ ತಿರುಗಿಸಿತು.

ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ ಎಂದು ಎಲ್ಲರೂ ಶುರುಮಾಡಿದರು. ತಾವು ನಾಳೆಯೇ ಒಪ್ಪಿಗೆ ನೀಡುವಿರೆಂದು ನಂಬಿರುವ ತಮ್ಮ ವಿಶ್ವಾಸಿ ಎಂದು ಎಲ್ಲರೂ ಮುಗಿಸಿದರು. ನಡುವೆ ರೈಲ್ವೆ ಗಾರ್ಡು, ತಾವು ಸರ್ವಿಸ್ ಪೂರ್ತಿ ಹಸಿರು ಬಾವುಟ ತೋರಿಸಿದವರೆಂದೂ ಈ ಸಾಲನ್ನು ಪೂರ್ತಿ ಪರಿಶೀಲಿಸಿ ಬಾವುಟ ತೋರಿಸುತ್ತಿರುವುದಾಗಿಯೂ ಬರೆದರು. ಹಲ್ಲಿನ ಡಾಕ್ಟರು, ಅರ್ಜಿದಾರರ ಬಾಯಿಯನ್ನು ತಾವು ಖುದ್ದಾಗಿ ನೋಡಿದ್ದು, ಒಂದು ದವಡೆ ಹಲ್ಲು ಅಲುಗಾಡುವುದನ್ನು ಬಿಟ್ಟರೆ ಈ ಕೆಲಸಕ್ಕೆ ಅಡ್ಡಿಯಾಗುವಂಥದ್ದು ಏನೂ ಕಂಡಿಲ್ಲ ಎಂದು ದೃಢೀಕರಿಸಿದರು. ಗಾರ್ಡಿನ ಹೆಂಡತಿ, ಆ ಮನೆಯಿಂದ ಜಗಳದ ಸದ್ದು ಕೇಳಿಲ್ಲ, ಕೇಳಿದ್ದರೂ ಅದು ಟೀವಿಯದಿರಬೇಕು ಎಂದರು. ಕ್ಷೌರದವರು, ಕುರ್ಚಿಯಲ್ಲಿ ಅವರಷ್ಟು ಅಲ್ಲಾಡದೆ ಕೂರುವ ಗಿರಾಕಿ ಇನ್ನೊಬ್ಬರಿಲ್ಲ ಎಂದರು. ಎಲ್ಲಕ್ಕಿಂತ ತೂಕದ ಮಾತು ಹಣ್ಣಿನಂಗಡಿಯವರದು. ಇವರ ಕಂಪನಿಯ ತಕ್ಕಡಿಯನ್ನೇ ಬಳಸುತ್ತಿದ್ದೇನೆ, ನಾನು ಎಷ್ಟು ಪ್ರಯತ್ನಪಟ್ಟರೂ ಅದು ಸುಳ್ಳು ಹೇಳಲು ಒಪ್ಪಿಲ್ಲ ಎಂದು ಬರೆದರು. ಬರೆದ ಪ್ರತಿಯೊಬ್ಬರೂ ಕೆಳಗಿದ್ದ ಒಪ್ಪಿಗೆಯ ಗುಂಡಿಯನ್ನೂ ಒತ್ತಿದರು. ಅತ್ತೆ ಕೊನೆಯಲ್ಲಿ ಒತ್ತಿದರು, ಹೆಡ್ ಕ್ಲಾರ್ಕ್ ಕೊನೆಗೆ ತಾನೆ.

ಸಾಹೇಬರು ಎದ್ದು ಮುಖ ತೊಳೆದು ಕಂಪ್ಯೂಟರ್ ತೆರೆದಾಗ ಅವರ ಸಾಲಿನ ಕೆಳಗೆ ನಲವತ್ತಕ್ಕೂ ಹೆಚ್ಚು ವಿನಂತಿ. ಅವುಗಳ ಕೆಳಗೆ ಗೂಬೆ.

ಗೂಬೆ ಬರೆದದ್ದು ಚಿಕ್ಕದು. ಇವತ್ತೇ ಹುಟ್ಟಿದ ನಲವತ್ತು ಖಾತೆಗಳು, ಒಂದೇ ವಿಳಾಸದಿಂದ, ಒಂದೇ ಧಾಟಿಯಲ್ಲಿ, ಒಂದೇ ಮಧ್ಯಾಹ್ನ ಬಂದು ಒಂದು ಸಾಲನ್ನು ಒಪ್ಪಿಕೊಳ್ಳಲು ಒತ್ತಾಯ ಮಾಡಿವೆ. ನಾವಿದನ್ನು ಒಳನುಸುಳುವ ಸಂಚು ಎಂದು ಪರಿಗಣಿಸುತ್ತೇವೆ. ಚರ್ಚೆಗೆ ಬೀಗ ಹಾಕಲಾಗಿದೆ. ಸಾಲು ಕಳಿಸಿದವರನ್ನು ತನಿಖೆ ಮುಗಿಯುವವರೆಗೆ ಹೊರಗಿಡಲಾಗಿದೆ.

ಅದರಲ್ಲಿ ಗೂಬೆಯ ತಪ್ಪೇನೂ ಇಲ್ಲ. ಪ್ರಪಂಚದ ಯಂತ್ರಗಳೆಲ್ಲ ಕೂತಿರುವ ಅಡಿಪಾಯ ಅದು. ಕಳ್ಳರು ಹೀಗೇ ಬರುತ್ತಾರೆ. ಮೊದಲು ಒಬ್ಬ ವಿನಯವಂತ, ಅವನ ಹಿಂದೆ ಬೇಗ ಮಾಡಿ ಬೇಗ ಮಾಡಿ ಎನ್ನುವ ಗುಂಪು. ಆದರೆ ಆ ಕಳ್ಳರ ಗುಂಪಿನಲ್ಲಿ ಹಲ್ಲಿನ ಡಾಕ್ಟರಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಸುದ್ದಿ ಆ ಲೋಕದಲ್ಲಿ ಕಾಡುಕಿಚ್ಚಿನಂತೆ ಹಬ್ಬಿತು. ಕಂಡಿರದ ಊರುಗಳ ಪಂಡಿತರೆಲ್ಲ ಬಂದು ಆ ಒಂದು ಸಾಲನ್ನು ಶವಪರೀಕ್ಷೆ ಮಾಡಿದರು. ಆ ಅಂಕಿಯ ಹಿಂದೆ ಯಾವ ಗುಪ್ತ ಬಾಗಿಲಿದೆ ಎಂದು ಒಬ್ಬ ಪುಟಗಟ್ಟಲೆ ಬರೆದ. ಅಲುಗಾಡುವ ದವಡೆ ಹಲ್ಲು ಎಂಬುದು ಸಂಕೇತಭಾಷೆ ಎಂದು ಇನ್ನೊಬ್ಬ. ತಕ್ಕಡಿ ಕಂಪನಿ ಎಂಬುದೇ ಇಲ್ಲ, ಅದು ಬರೀ ಮುಖವಾಡ ಎಂದು ಮತ್ತೊಬ್ಬ. ತಕ್ಕಡಿ ಕಂಪನಿ ಇತ್ತು, ಅದರ ಮ್ಯಾನೇಜರೂ ಇದ್ದರು, ಅವರು ಫೋನು ಮಾಡಿದರು. ಇದು ಸರಿಹೋಗುವವರೆಗೆ ಕೆಲಸಕ್ಕೆ ಬರುವುದು ಬೇಡ, ಬಂದರೂ ಕಂಪ್ಯೂಟರ್ ಮುಟ್ಟುವುದು ಬೇಡ ಎಂದು ಬಹಳ ಮರ್ಯಾದೆಯಿಂದ ಹೇಳಿದರು.

ಹೆಸರು ಬರಬೇಕೆಂದು ಆಸೆಪಟ್ಟಿದ್ದರು. ಬಂತು. ಇಪ್ಪತ್ತು ವರ್ಷ ಯಾರ ಕೆಲಸವನ್ನು ಪುಕ್ಕಟೆಯಾಗಿ ತಂದು ತಮ್ಮ ಅನ್ನ ಸಂಪಾದಿಸಿದ್ದರೋ, ಅವರ ಮನೆಯಲ್ಲೇ ಕಳ್ಳ ಎಂದು ಬಂತು. ಸಾಹೇಬರು ಸೋಫಾದ ತುದಿಯಲ್ಲಿ ಕೂತು, ಎದ್ದು, ಮತ್ತೆ ಅದೇ ತುದಿಯಲ್ಲಿ ಕೂತರು.

ಕಟ್ಟಡದವರಿಗೆ ಇದರ ಗಾಂಭೀರ್ಯ ಹತ್ತಲೇ ಇಲ್ಲ. ಬೀಗ ಹಾಕಿದ್ದಾರೆ ಎಂದರೆ ಭದ್ರವಾಗಿ ಇಟ್ಟಿದ್ದಾರೆ ಎಂದು ಗಾರ್ಡು ಅರ್ಥಮಾಡಿಕೊಂಡರು. ಕ್ಷೌರದವರು ತಮ್ಮ ಗಿರಾಕಿಗಳಿಗೆಲ್ಲ, ನಾನು ಬರೆದದ್ದನ್ನು ಹೊರದೇಶದವರು ಓದುತ್ತಿದ್ದಾರೆ ಎಂದು ಹೇಳಿಕೊಂಡರು. ಹೆದರಿದ್ದು ಹಲ್ಲಿನ ಡಾಕ್ಟರೊಬ್ಬರೇ. ಸಂಚಿನ ಕೇಂದ್ರ ಒಂದು ದಂತ ಚಿಕಿತ್ಸಾಲಯ ಎಂದು ಪಂಡಿತರು ಪತ್ತೆ ಹಚ್ಚಿಬಿಟ್ಟಿದ್ದರು. ಇಂಟರ್ನೆಟ್ ಕಂಪನಿಯವನೊಬ್ಬ ವಿಚಾರಿಸಲು ಬಂದ. ಡಾಕ್ಟರು ಗಾಬರಿಯಲ್ಲಿ ಏನು ಮಾಡುವುದೆಂದು ತೋಚದೆ ಅವನನ್ನು ಕುರ್ಚಿಗೆ ಒರಗಿಸಿ ದೀಪ ಹಾಕಿ ಬಾಯಿ ತೆಗೆಸಿದರು. ಎರಡು ಹುಳುಕು ಸಿಕ್ಕಿತು. ಅವನು ಅರ್ಧ ತುಟಿ ಮರಗಟ್ಟಿ ಹೊರಗೆ ಹೋದ, ವಿಚಾರಣೆಗೆ ಮಾತೇ ಹೊರಡಲಿಲ್ಲ.

ಇಷ್ಟೆಲ್ಲ ಹಬ್ಬುವ ಮುಂಚೆಯೇ, ಆ ಭಾನುವಾರ ಸಂಜೆ, ಹೆಂಡತಿ ಅಂಗಡಿಯಿಂದ ಬಂದು ಎಲ್ಲ ಕೇಳಿಸಿಕೊಂಡಿದ್ದಳು. ಚಪ್ಪಲಿಯನ್ನೂ ಬಿಚ್ಚಿರಲಿಲ್ಲ.

"ನಮ್ಮಮ್ಮನ ಕೈಗೆ ನಿಯಮಾವಳಿ ಕೊಟ್ರಾ?"

"ಓದಿ ಹೇಳ್ದೆ ಅಷ್ಟೇ ಕಣೇ."

"ತಪ್ಪು ನಂದು ರೀ. ಮದುವೆಗೆ ಮುಂಚೆನೇ ನಿಮಗೆ ಎಚ್ಚರಿಕೆ ಕೊಡ್ಬೇಕಿತ್ತು."

ಅತ್ತೆ ಕೋಣೆಯಿಂದ ಹೊರಬಂದರು. ಅಳಿಯನ ಮುಖ ನೋಡಿದರು. ಅಳಿಯ ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ, ಅವರು ಬೈಯಲಿಲ್ಲ, ಕಾಲು ಹತ್ತಿರ ಮಾಡಿಕೊಂಡು ಅತ್ತೆಗೆ ಕೂರಲು ಜಾಗ ಬಿಟ್ಟರು. ಅತ್ತೆಗೆ ಅದು ಚುಚ್ಚಿತು. ದೂರು ಕೊಡಲು ಬೇರೆ ವಿಳಾಸ ಇರಬೇಕಲ್ಲ ಎಂದರು. ನಿಯಮಾವಳಿ ಬರೆಯುವಷ್ಟು ಶಿಸ್ತಿದ್ದವರು ಮೇಲ್ಮನವಿಗೆ ದಾರಿ ಬಿಡದೆ ಇರುವುದಿಲ್ಲ ಎಂಬುದು ಅವರ ಅನುಭವ. ಇತ್ತು. ಸಾಹೇಬರು ಅಲ್ಲಿಗೆ ಬರೆದರು. ಅವರೆಲ್ಲ ನಿಜವಾದ ಮನುಷ್ಯರು, ನನ್ನ ನೆರೆಹೊರೆಯವರು, ಕರೆತಂದವರು ನನ್ನ ಹೆಂಡತಿಯ ತಾಯಿ. ಬರೆದು ಓದಿ ನೋಡಿದರೆ, ಇದಕ್ಕಿಂತ ಸಂಚು ಎಂದು ಒಪ್ಪಿಕೊಳ್ಳುವುದೇ ನಂಬಲು ಸುಲಭ ಅನ್ನಿಸಿತು.

ಗೂಬೆಯ ಉತ್ತರ ಬಂತು. ಮನುಷ್ಯರಿದ್ದರೆ ಕಣ್ಣಿಗೆ ತೋರಿಸಿ, ವೀಡಿಯೋದಲ್ಲಿ ಬರುತ್ತೇನೆ.

ಹೇಳಿದ ಹೊತ್ತಿಗೆ ಸಾಹೇಬರ ಮನೆಯ ಹಾಲ್ ತುಂಬಿತು. ಒಳಗೆ ಹಿಡಿಸದವರು ಅಡುಗೆಮನೆಯ ಬಾಗಿಲಲ್ಲಿ ನಿಂತರು, ಗಾರ್ಡು ಎತ್ತರಕ್ಕಿದ್ದುದರಿಂದ ಹಿಂದೆ ನಿಂತು ಎಲ್ಲರಿಗೂ ಸುಮ್ಮನಿರಲು ಕೈ ತೋರಿಸಿದರು. ಹಲ್ಲಿನ ಡಾಕ್ಟರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಂದಿದ್ದರು, ಗುರುತು ಸಿಗಬಾರದೆಂದು. ಅತ್ತೆ ನಡುವೆ, ಇಸ್ತ್ರಿ ಮಾಡಿದ ಸೀರೆಯಲ್ಲಿ, ತಪಾಸಣೆಗೆ ಬಂದವರನ್ನು ಎದುರುಗೊಳ್ಳುವ ಭಂಗಿಯಲ್ಲಿ.

ಪರದೆ ಬೆಳಗಿತು. ಗೂಬೆ ಸಾಹೇಬರು ಸಾಹೇಬರೇ ಅಲ್ಲ. ಐವತ್ತು ದಾಟಿದ ಒಬ್ಬ ಹೆಂಗಸು, ಕೂದಲು ಮೇಲೆ ಗಂಟು ಹಾಕಿಕೊಂಡು, ಮೇಜಿನ ಮೇಲೆ ಒಗೆದ ಬಟ್ಟೆಯ ಗುಡ್ಡ ಹಾಕಿಕೊಂಡು ಮಡಿಸುತ್ತಿದ್ದರು. ಈ ಕಡೆಯ ಜನಸಾಗರ ಕಂಡು ಅವರ ಕೈಯಲ್ಲಿದ್ದ ಟವೆಲ್ಲು ಅಲ್ಲೇ ನಿಂತಿತು. ಹಾಗಾದರೆ ಇವರೆಲ್ಲ ನಿಜವಾಗಿ ಇದ್ದಾರೆ ಎಂದರು.

ಮಧ್ಯೆ ತರ್ಜುಮೆ ಸಾಹೇಬರದು. ಅತ್ತೆ ಮೊದಲು ಕ್ಷಮೆ ಕೇಳಲಿಲ್ಲ, ಮೊದಲು ಸಿಬ್ಬಂದಿ ವಿವರ ಕೇಳಿದರು. ನಿಮ್ಮ ಶಾಖೆಯಲ್ಲಿ ಎಷ್ಟು ಜನ. ಮೂವರು, ಒಬ್ಬರು ಬರುವುದೇ ಅಪರೂಪ. ಸಂಬಳ. ಇಲ್ಲ. ರಜೆ. ಇದೇ ರಜೆ. ಬಾಕಿ ಇರುವ ಅರ್ಜಿಗಳು. ಆ ಹೆಂಗಸು ಒಂದು ಸಂಖ್ಯೆ ಹೇಳಿದರು. ಅದನ್ನು ಕನ್ನಡದಲ್ಲಿ ಹೇಳಲು ಸಾಹೇಬರಿಗೇ ನಾಚಿಕೆಯಾಯಿತು.

ಹನ್ನೊಂದು ಜನ, ಫ್ಯಾನು, ಪಿಂಚಣಿ, ಇವೆಲ್ಲ ಇದ್ದು ತಾವು ನಡೆಸಿದ ಕಚೇರಿ ಅತ್ತೆಯ ಕಣ್ಣ ಮುಂದೆ ಬಂದಿರಬೇಕು. ಆಮೇಲೆ ಅಳಿಯನ ಕಡೆ ತಿರುಗಿದರು.

"ಅಲ್ಲ ಅಳಿಯಂದ್ರೆ, ಇಂಥ ತಾಯಿ ಟೇಬಲ್ ಮೇಲೆ ನಲವತ್ತು ಕಾಗದ ಹಾಕಿಸಿದ್ರಲ್ಲ, ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

"ಹಾಕಿಸಿದ್ದು ನೀವು ಅತ್ತೆ."

"ನಾನು ಹಾಕಿಸಿದ್ರೆ ನೀವು ತಡೀಬೇಕಿತ್ತು. ಬೋರ್ಡ್ ನಿಜ ಅಂತ ನಿಮಗೆ ಗೊತ್ತಿತ್ತು, ನಂಗೆ ಗೊತ್ತಿರಲಿಲ್ಲ."

ಇದನ್ನು ಸಾಹೇಬರು ತರ್ಜುಮೆ ಮಾಡಲಿಲ್ಲ. ಆದರೂ ಆ ಕಡೆಯವರಿಗೆ ಅರ್ಥವಾದಂತಿತ್ತು, ಅವರಿಗೂ ಅತ್ತೆ ಇದ್ದಿರಬೇಕು. ಅತ್ತೆ ಪರದೆಗೆ ಕೈ ಮುಗಿದು, ತಪ್ಪಾಯಿತಮ್ಮ ಎಂದರು. ಹಿಂದಿದ್ದ ಮಹಡಿಗಳೆಲ್ಲ ಕೈ ಮುಗಿದವು.

ಆಗ ಆ ಹೆಂಗಸು ಟವೆಲ್ಲು ಕೆಳಗಿಟ್ಟು, ಒಂದು ಮಾತು ಹೇಳಿಬಿಡುತ್ತೇನೆ, ನೀವು ಕಳ್ಳರಲ್ಲ ಎಂದು ನನಗೆ ಬೆಳಗ್ಗೆಯೇ ಗೊತ್ತಾಯಿತು ಎಂದರು. ಎಲ್ಲರಿಗೂ ಹಾಯೆನಿಸಿತು. ಸಾಹೇಬರಿಗೆ ಕಣ್ಣು ಒದ್ದೆಯಾಯಿತು. ಹೇಗೆ ಗೊತ್ತಾಯಿತು ಎಂದು ಕೇಳಿದರು. ಕೇಳದಿದ್ದರೆ ಚೆನ್ನಾಗಿತ್ತು.

ನಿಮ್ಮ ಅಂಕಿ ತಪ್ಪು ಎಂದರು ಆ ಹೆಂಗಸು. ಬೇರೆ ದೊಡ್ಡ ಕರ್ನಲ್ಲಿನಲ್ಲಿ ವೇಗಕ್ಕೊಂದು ಗುಪ್ತನಂಬರು ಇರುತ್ತದೆ, ಅದನ್ನು ತಂದು ಇಲ್ಲಿ ಅಂಟಿಸಿದ್ದೀರಿ. ಈ ಚಿಕ್ಕ ಕರ್ನಲ್ಲಿನಲ್ಲಿ ಗುಪ್ತನಂಬರೇ ಇಲ್ಲ, ವೇಗ ಎಷ್ಟೋ ಅದನ್ನೇ ನೇರವಾಗಿ ಬರೆಯಬೇಕು. ಪರೀಕ್ಷೆ ಮಾಡಿದ್ದೇನೆ, ಎಲ್ಲ ಪಾಸಾಗಿದೆ ಎಂದು ಬರೆದಿದ್ದೀರಿ. ಯಾವ ಯಂತ್ರದಲ್ಲಿ?

ತಮ್ಮ ಆಫೀಸಿನ ಯಂತ್ರದಲ್ಲಿ ಎಂದರು ಸಾಹೇಬರು. ಅಲ್ಲಿ ಓಡುವುದು ದೊಡ್ಡ ಕರ್ನಲ್ಲು. ಬದಲಾವಣೆ ಆಗಿದ್ದ ಕಡೆ ಬಿಟ್ಟು ಆಗದಿದ್ದ ಕಡೆ ಪರೀಕ್ಷೆ ಮಾಡಿದ್ದರು. ಪಾಸಾಗದೆ ಏನಾಗುತ್ತದೆ.

ಈ ಸಾಲು ಒಪ್ಪಿಕೊಂಡಿದ್ದರೆ ಜಗತ್ತಿನ ಯಾವ ಬಾಗಿಲೂ ತೆರೆಯುತ್ತಿರಲಿಲ್ಲ, ಒಂದು ತಕ್ಕಡಿ ತೊದಲುತ್ತಿತ್ತು ಅಷ್ಟೇ, ಎಂದು ಆ ಹೆಂಗಸು ಮುಂದುವರಿಸಿದರು. ಇಷ್ಟು ದೊಡ್ಡ ಸಂಚು ಮಾಡಿ ಒಂದು ತಕ್ಕಡಿಯನ್ನು ತೊದಲಿಸುವವರು ಯಾರೂ ಇಲ್ಲ. ಕಳ್ಳರಾಗಿದ್ದರೆ ನಿಮ್ಮ ಅಂಕಿ ಸರಿಯಿರುತ್ತಿತ್ತು.

ಹಾಲ್‌ನಲ್ಲಿ ಎಲ್ಲರೂ ಏನಂತೆ ಏನಂತೆ ಎಂದು ಪೀಡಿಸಿದರು. ಸಾಹೇಬರು ಪ್ರಾಮಾಣಿಕರು, ಇದ್ದದ್ದು ಇದ್ದಂತೆ ತರ್ಜುಮೆ ಮಾಡಿದರು. ಒಂದು ಕ್ಷಣ ಯಾರಿಗೂ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಸಾಲನ್ನು ಪೂರ್ತಿ ಪರಿಶೀಲಿಸಿ ಬಾವುಟ ತೋರಿಸಿದ್ದ ಗಾರ್ಡು ಮೆಲ್ಲಗೆ ಅಡುಗೆಮನೆಯ ಕಡೆ ಸರಿದರು. ಆಮೇಲೆ ಹಣ್ಣಿನಂಗಡಿಯವರು, "ನಾನು ಹೇಳಿರಲಿಲ್ವಾ, ಇವರ ಕೈಲಿ ಮೋಸ ಆಗೋದಿಲ್ಲ ಅಂತ" ಎಂದರು. ಚಪ್ಪಾಳೆ ಬಿತ್ತು. ಮನುಷ್ಯನ ದಡ್ಡತನಕ್ಕೆ ಅಷ್ಟು ಪ್ರೀತಿಯ ಚಪ್ಪಾಳೆ ಆ ಕಟ್ಟಡದಲ್ಲಿ ಹಿಂದೆಂದೂ ಬಿದ್ದಿರಲಿಲ್ಲ.

ಮುಂದಿನದು ಸಲೀಸಾಗಿ ನಡೆಯಿತು. ಗೂಬೆಯಮ್ಮ ಬೀಗ ತೆಗೆದು, ತಾವೇ ನಾಲ್ಕು ಮಾತು ಬರೆದು ಪಂಡಿತರನ್ನು ಮನೆಗೆ ಕಳಿಸಿದರು. ಮ್ಯಾನೇಜರು ಮತ್ತೆ ಫೋನು ಮಾಡಿ ನಾಳೆಯಿಂದ ಬನ್ನಿ ಎಂದರು. ಸಾಹೇಬರು ಶೀತಲಗೃಹಕ್ಕೆ ಖುದ್ದಾಗಿ ಹೋಗಿ, ನಡುಗುತ್ತ ಕೂತು, ಆ ಡಬ್ಬಿಯ ಮೇಲೆಯೇ ಸರಿಯಾದ ಅಂಕಿ ಹಾಕಿ ಓಡಿಸಿದರು. ತಕ್ಕಡಿ ಸ್ಪಷ್ಟವಾಗಿ ಮಾತಾಡಿತು. ಎಲ್ಲಿಂದ ತೆಗೆದದ್ದೆಂದು ತೋರಿಸಿ, ಬದಲಾವಣೆಗಳ ಪಟ್ಟಿಗೆ ಸೇರಿಸಿ, ಹೊಸದಾಗಿ ಕಳಿಸಿದರು. ಯಾರೂ ಶಿಫಾರಸು ಮಾಡಲಿಲ್ಲ. ಒಪ್ಪಿಗೆ ಬಂತು. ಅವರ ಹೆಸರು ಲೈಬ್ರರಿಯೊಳಗೆ ಸೇರಿತು, ಸಾವಿರಾರು ಹೆಸರುಗಳ ನಡುವೆ ಒಂದು ಹೆಸರಾಗಿ, ಹುಡುಕಿದರೆ ಸಿಗುವ ಹಾಗೆ.

ಅದೇ ವಾರ ಗೂಬೆಯಮ್ಮ ನಿಯಮಾವಳಿಗೂ ಒಂದು ವಾಕ್ಯ ಸೇರಿಸಿದರು. ನಿಮ್ಮ ಬದಲಾವಣೆಗೆ ಒಪ್ಪಿಗೆ ಕೊಡಿಸಲು ನೆಂಟರನ್ನಾಗಲಿ ನೆರೆಯವರನ್ನಾಗಲಿ ಕರೆತರಬೇಡಿ, ನಿಮ್ಮ ಒಳ್ಳೆಯತನದ ಬಗ್ಗೆ ನಮಗೆ ಅನುಮಾನವಿಲ್ಲ, ಅಂಕಿಯ ಬಗ್ಗೆ ಮಾತ್ರ ಇದೆ.

ಕಟ್ಟಡದಲ್ಲಿ ಸಂಭ್ರಮವೋ ಸಂಭ್ರಮ, ಆದರೆ ಅದು ಸಾಹೇಬರ ಸಾಲಿಗಲ್ಲ, ಈ ವಾಕ್ಯಕ್ಕೆ. ಗಾರ್ಡು ಅದನ್ನು ಬರೆಸಿ ನೋಟೀಸ್ ಬೋರ್ಡಿಗೆ ಹಾಕಿದರು. ಜಗತ್ತಿನ ನಿಯಮಾವಳಿಯೊಂದರಲ್ಲಿ ತಾವು ಉಲ್ಲೇಖಗೊಂಡೆವೆಂದು ಪ್ರತಿಯೊಬ್ಬರೂ ಎದೆ ಉಬ್ಬಿಸಿದರು. ಅತ್ತೆಯಂತೂ, ಅಷ್ಟು ವರ್ಷ ಸೇವೆ ಮಾಡಿದರೂ ತಮ್ಮ ಒಂದು ಸಲಹೆಯನ್ನೂ ಯಾವ ಕೈಪಿಡಿಯೂ ಸೇರಿಸಿರಲಿಲ್ಲವಾದ್ದರಿಂದ, ಇದನ್ನು ಅಳಿಯನಿಂದ 'ಇನ್ನೊಂದ್ಸಲ ಓದಿ' ಎಂದು ಓದಿಸಿ ಕೇಳಿದರು. ಕೇಳಿ ಕೇಳಿ ಅವರ ಹುಬ್ಬು ಗಂಟಾಯಿತು.

ನೆಂಟರೇ ಬೇರೆ, ನೆರೆಯವರೇ ಬೇರೆ, ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಬಾರದಿತ್ತು ಎಂದರು. ಒಂದು ವಾಕ್ಯಕ್ಕೆ ಒಂದೇ ವಿಷಯ. ತಿದ್ದುಪಡಿ ಕಳಿಸಲೇಬೇಕು. ಅವರ ಹೆಸರಿನಲ್ಲಿ ಹೇಗೂ ಖಾತೆ ಇತ್ತು. ತಾವೇ ಕೂತು ವಾಕ್ಯವನ್ನು ಎರಡು ಮಾಡಿದರು, ಕಾರಣ ಬರೆದರು, ಬದಲಾವಣೆಗಳ ಪಟ್ಟಿಗೆ ಸೇರಿಸಿದರು, ಅವಸರವೇನೂ ಇಲ್ಲ ಎಂದು ಕೊನೆಗೊಂದು ಮಾತು ಸೇರಿಸಿ ಕಳಿಸಿದರು. ಸಾಹೇಬರು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಅವರಿಗೆ ಅತ್ತೆಯ ಮೇಲೆ ಎಂದೂ ಇಲ್ಲದ ಅಕ್ಕರೆ ಉಕ್ಕಿತು. ಒಪ್ಪಿಗೆಯ ಗುಂಡಿಯ ಕಡೆ ಬೆರಳು ಚಾಚಿದರು.

ಅತ್ತೆ ಆ ಕೈಯನ್ನು ಹಿಡಿದು ಮೆಲ್ಲಗೆ ಪಕ್ಕಕ್ಕಿಟ್ಟರು.

"ನೀವು ಒತ್ತಬೇಡಿ ಅಳಿಯಂದ್ರೆ. ನೀವು ನೆಂಟರು."